ಪ್ಲೇಟಿಂಗ್ ನೀರಿನ ನಿಕಲ್‌ಗೆ ಶೇಂಗಾ ಸಿಪ್ಪೆ: ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ

ಪ್ರಶ್ನೆ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ನಿಕಲ್-ಕ್ರೋಮ್ ಪ್ಲೇಟಿಂಗ್ ಘಟಕ ಇದೆ. ದಿನಕ್ಕೆ ಸುಮಾರು 2,000 ಲೀಟರ್ ತೊಳೆದ ನೀರು ಬರುತ್ತದೆ, ಅದರಲ್ಲಿ ಲೀಟರ್‌ಗೆ 40 ಮಿ.ಗ್ರಾಂನಷ್ಟು ನಿಕಲ್ ಇದೆ. ಸುಣ್ಣ ಹಾಕಿ ಗಸಿ ಇಳಿಸಿದ ಮೇಲೂ ವರದಿಯಲ್ಲಿ ನಿಕಲ್ 4ರಿಂದ 5 ತೋರಿಸುತ್ತಿದೆ. ಗದಗಿನ ಗಿರಣಿಗಳಿಂದ ಶೇಂಗಾ ಸಿಪ್ಪೆ, ಹಾವೇರಿ ಕಡೆಯಿಂದ ಗೋವಿನಜೋಳದ ಬೆಂಡು ಸಿಗುತ್ತದೆ. ಇವು ಭಾರಲೋಹ ಹೀರುತ್ತವೆ ಎನ್ನುತ್ತಾರೆ. ಸುಣ್ಣ ಬಿಟ್ಟು ಇದನ್ನೇ ಬಳಸಬಹುದೇ? ಪಕ್ಕದ ಶೆಡ್ಡಿನ ಬ್ಯಾಟರಿ ರಿಪೇರಿಯವರ ಸೀಸದ ನೀರಿಗೂ ನಡೆಯುತ್ತದೆಯೇ?

ಉತ್ತರ: ಬಳಸಬಹುದು, ಆದರೆ ಸುಣ್ಣದ ಬದಲಿಗಲ್ಲ, ಸುಣ್ಣದ ನಂತರ. ಅದೂ ನಿಕಲ್ ನೀರಿಗೆ ಮಾತ್ರ, ಕ್ರೋಮ್ ನೀರಿಗೆ ಬೇಡ. ಮೊದಲು ಲೆಕ್ಕ ನೋಡಿ.

2,000 ಲೀಟರ್ ನೀರಿನಲ್ಲಿ 40 ಮಿ.ಗ್ರಾಂ ಎಂದರೆ ದಿನಕ್ಕೆ 80 ಗ್ರಾಂ ನಿಕಲ್. ತೊಳೆದು ಪುಡಿ ಮಾಡಿದ ಹಸಿ (ಅಂದರೆ ರಾಸಾಯನಿಕ ಉಪಚಾರ ಮಾಡದ) ಶೇಂಗಾ ಸಿಪ್ಪೆ ಇಷ್ಟು ಸಾಂದ್ರತೆಯ ನೀರಿನಲ್ಲಿ ಗ್ರಾಂಗೆ 4 ಮಿ.ಗ್ರಾಂ ಹಿಡಿದರೆ ದೊಡ್ಡದು. ಹಾಗಾಗಿ ದಿನಕ್ಕೆ 20 ಕಿಲೋ, ತಿಂಗಳಿಗೆ 25 ಕೆಲಸದ ದಿನ ಹಿಡಿದರೆ 500 ಕಿಲೋ ಸಿಪ್ಪೆ ಬೇಕು. ತಿಂಗಳ ಕೊನೆಗೆ ನಿಕಲ್ ತುಂಬಿದ, ಒದ್ದೆಯಾದ, ಎಲ್ಲೂ ಎಸೆಯಲಾಗದ ಅರ್ಧ ಟನ್ ಸಿಪ್ಪೆ ನಿಮ್ಮ ಶೆಡ್ಡಿನಲ್ಲಿ ಕೂತಿರುತ್ತದೆ. ಅದೇ 80 ಗ್ರಾಂ ನಿಕಲ್ಲನ್ನು ಸುಣ್ಣದಿಂದ ಹೈಡ್ರಾಕ್ಸೈಡ್ (ನೀರಿನಲ್ಲಿ ಕರಗದ ಗಸಿ) ಆಗಿ ಇಳಿಸಿದರೆ ಒಣ ತೂಕ 126 ಗ್ರಾಂ, ತಿಂಗಳಿಗೆ 3.2 ಕಿಲೋ. ನೀರಿನಂಶ, ಕರಗದ ಸುಣ್ಣ ಎಲ್ಲ ಸೇರಿದರೂ 20ರಿಂದ 30 ಕಿಲೋ ಗಸಿ. ಸಿಪ್ಪೆ ಲೋಹವನ್ನು ಇಲ್ಲವಾಗಿಸುವುದಿಲ್ಲ, ನೀರಿನಿಂದ ತನ್ನ ಮೈಗೆ ವರ್ಗಾಯಿಸಿಕೊಳ್ಳುತ್ತದೆ ಅಷ್ಟೆ. ಆದ್ದರಿಂದ ಬಳಸಿದ ಸಿಪ್ಪೆ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸಿಪ್ಪೆ ತರುವ ಮೊದಲೇ ತೀರ್ಮಾನಿಸಬೇಕು.

ಇನ್ನು ನಿಮ್ಮ ನಿಜವಾದ ತೊಂದರೆ. ಪ್ಲೇಟಿಂಗ್ ಘಟಕಗಳಿಗೆ ನಿಕಲ್ ಮಿತಿ ಲೀಟರ್‌ಗೆ 3 ಮಿ.ಗ್ರಾಂ, ಒಟ್ಟು ಕ್ರೋಮಿಯಂ 2, ಆರು ವೇಲೆನ್ಸಿಯ ಕ್ರೋಮಿಯಂ (ಕ್ರೋಮ್ ಪ್ಲೇಟಿಂಗ್ ದ್ರಾವಣದಲ್ಲಿರುವ ಹೆಚ್ಚು ವಿಷದ ರೂಪ) 0.1. ಸುಣ್ಣದ ನಂತರ ನಿಮ್ಮಲ್ಲಿ 4ರಿಂದ 5 ಉಳಿಯುತ್ತಿದೆ. ಸರಿಯಾಗಿ ಇಳಿಸಿದರೆ ನಿಕಲ್ ಇದಕ್ಕಿಂತ ಎಷ್ಟೋ ಕೆಳಗೆ ಬರಬೇಕು. ಹಾಗಾಗಿ ಸಿಪ್ಪೆಗೆ ಕೈಹಾಕುವ ಮುಂಚೆ ಒಂದು ಪರೀಕ್ಷೆ ಮಾಡಿಸಿ: ಒಂದೇ ಕ್ಯಾನಿನ ನೀರನ್ನು ಎರಡು ಬಾಟಲಿಗೆ ತುಂಬಿ, ಒಂದನ್ನು ಹಾಗೇ, ಇನ್ನೊಂದನ್ನು 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಎರಡರಲ್ಲೂ ನಿಕಲ್ ನೋಡಲು ಲ್ಯಾಬಿಗೆ ಹೇಳಿ. ಸೋಸದ್ದು 4.5, ಸೋಸಿದ್ದು 0.8 ಬಂತು ಅಂತಿಟ್ಟುಕೊಳ್ಳಿ. ಆಗ ನಿಕಲ್ ಕರಗಿ ಉಳಿದಿಲ್ಲ, ಸಣ್ಣ ಕಣಗಳಾಗಿ ತೇಲಿಕೊಂಡು ಹೋಗುತ್ತಿದೆ. ಅದಕ್ಕೆ ಬೇಕಾದ್ದು ಮರಳು ಫಿಲ್ಟರ್, ಸಿಪ್ಪೆಯಲ್ಲ. ಸಿಪ್ಪೆಯ ಕಾಲಮ್ (ಸಿಪ್ಪೆ ತುಂಬಿ ನೀರು ಹಾಯಿಸುವ ಉದ್ದ ಪಾತ್ರೆ) ಹಾಕಿದರೆ ಎರಡು ದಿನ ಚೆನ್ನಾಗಿ ನಡೆದು ಕೆಸರು ಕಟ್ಟಿ ನಿಂತುಬಿಡುತ್ತದೆ.

ಎರಡೂ 4ರ ಮೇಲೆ ಬಂದರೆ ನಿಕಲ್ ಕರಗಿಯೇ ಇದೆ. ಮೊದಲ ಅನುಮಾನ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ. ನಿಕಲ್ ಚೆನ್ನಾಗಿ ಇಳಿಯಬೇಕಾದರೆ 10ರಿಂದ 10.5 ಬೇಕು, ಕ್ರೋಮಿಯಂಗೆ 8ರಿಂದ 8.5 ಸಾಕು. ಎರಡೂ ನೀರನ್ನು ಒಂದೇ ತೊಟ್ಟಿಗೆ ಬಿಟ್ಟು 8.5-9ರಲ್ಲಿ ರಾಜಿ ಮಾಡಿಕೊಂಡರೆ ನಿಕಲ್ ಉಳಿದೇ ಉಳಿಯುತ್ತದೆ. ಬಹಳ ಕಡೆ ಆಗುವುದೇ ಇದು. ಎರಡನೆಯದು, ಹೊರಬಿಡುವ ನೀರು 6ರಿಂದ 9ರ ಒಳಗಿರಬೇಕು ಎಂದು ಆಸಿಡ್ ಹಾಕಿ ಪಿಎಚ್ ಇಳಿಸುತ್ತಾರಲ್ಲ, ಅದನ್ನು ಸೋಸುವ ಮೊದಲೇ ಮಾಡಿದರೆ ತೇಲುತ್ತಿದ್ದ ಹೈಡ್ರಾಕ್ಸೈಡ್ ಮತ್ತೆ ಕರಗಿ ನೀರಿಗೇ ಸೇರುತ್ತದೆ. ಮೊದಲು ಸೋಸಿ, ಆಮೇಲೆ ಆಸಿಡ್. ಮೂರನೆಯದು ಅಮೋನಿಯಾ, ಸಿಟ್ರೇಟ್‌ನಂಥ ವಸ್ತುಗಳು ನಿಕಲ್ಲನ್ನು ಹಿಡಿದುಕೊಂಡಿರುವುದು. ಕರೆಂಟ್ ಇಲ್ಲದೆ ಪ್ಲೇಟ್ ಮಾಡುವ ರಾಸಾಯನಿಕ ನಿಕಲ್ ಬಾತಿನ (ಪ್ಲೇಟಿಂಗ್ ದ್ರಾವಣದ ತೊಟ್ಟಿಯ) ನೀರು ಇದರಲ್ಲಿ ಸೇರುತ್ತಿದ್ದರೆ ಸುಣ್ಣಕ್ಕೂ ಬಗ್ಗುವುದಿಲ್ಲ, ಸಿಪ್ಪೆಗೂ ಬಗ್ಗುವುದಿಲ್ಲ. ಅದನ್ನು ಬೇರೆಯೇ ಸಂಗ್ರಹಿಸಬೇಕು.

ಇದಕ್ಕೂ ಮೊದಲಿನ, ಎಲ್ಲಕ್ಕಿಂತ ಅಗ್ಗದ ಕೆಲಸ ಬಾತಿನ ಮೇಲೇ ಇದೆ. ವಾಟ್ಸ್ ಬಾತಿನಲ್ಲಿ, ಅಂದರೆ ಸಾಮಾನ್ಯ ನಿಕಲ್ ಪ್ಲೇಟಿಂಗ್ ದ್ರಾವಣದಲ್ಲಿ, ಲೀಟರ್‌ಗೆ ಸುಮಾರು 70 ಗ್ರಾಂ ನಿಕಲ್ ಇರುತ್ತದೆ. ಅಂದರೆ ನಿಮ್ಮ ದಿನದ 80 ಗ್ರಾಂ ಬರೀ ಒಂದು ಲೀಟರ್ ಚಿಲ್ಲರೆ ಬಾತ್ ದ್ರಾವಣ, ಜಿಗ್ಗಿಗೆ (ಸಾಮಾನು ತೂಗುಹಾಕುವ ಚೌಕಟ್ಟಿಗೆ) ಅಂಟಿಕೊಂಡು ಹೊರಗೆ ಹೋದದ್ದು. ಜಿಗ್ಗನ್ನು ಬಾತಿನ ಮೇಲೆ 15ರಿಂದ 20 ಸೆಕೆಂಡ್ ಹಿಡಿದು ತೊಟ್ಟಿಕ್ಕಿಸಿ, ನಂತರ ಹರಿಯದ ನೀರಿನ ಒಂದು ತೊಟ್ಟಿಯಲ್ಲಿ ಅದ್ದಿ, ಆಮೇಲಷ್ಟೇ ಹರಿಯುವ ನೀರಿಗೆ ಒಯ್ಯಿ. ಬಾತ್ 50-55 ಡಿಗ್ರಿಯಲ್ಲಿ ಆವಿಯಾಗಿ ಇಳಿಯುತ್ತಲೇ ಇರುತ್ತದೆ, ಆ ಮಟ್ಟ ತುಂಬಲು ಈ ಹರಿಯದ ತೊಟ್ಟಿಯ ನೀರನ್ನೇ ಹಾಕಿ. ಸಿಪ್ಪೆಯ ಬಗ್ಗೆ ವಿಚಾರಿಸುವವರಲ್ಲಿ ಹೆಚ್ಚಿನವರಿಗೆ ನಿಜಕ್ಕೂ ಬೇಕಾದದ್ದು ಈ ಒಂದು ತೊಟ್ಟಿ.

ಇಷ್ಟೆಲ್ಲ ಆದಮೇಲೂ ಕರಗಿದ ನಿಕಲ್ 3ರ ಆಸುಪಾಸಿನಲ್ಲಿ ಆಡುತ್ತಿದ್ದರೆ ಆಗ ಸಿಪ್ಪೆಗೆ ಕೆಲಸವಿದೆ. ಈಗಿನ 4.5 ಮಿ.ಗ್ರಾಂ ಲೆಕ್ಕದಲ್ಲೇ ನೋಡಿದರೂ ದಿನಕ್ಕೆ 9 ಗ್ರಾಂ ನಿಕಲ್, ತಿಂಗಳಿಗೆ 225 ಗ್ರಾಂ ಹಿಡಿದರೆ ಸಾಕು. ಆದರೆ ಇಲ್ಲೊಂದು ಎಚ್ಚರಿಕೆ. ಸಂಶೋಧನಾ ಪ್ರಬಂಧಗಳಲ್ಲಿ ಕಾಣುವ ಗರಿಷ್ಠ ಸಾಮರ್ಥ್ಯದ ಅಂಕಿಗಳು ಸಾಮಾನ್ಯವಾಗಿ ಲೀಟರ್‌ಗೆ 100-200 ಮಿ.ಗ್ರಾಂ ಲೋಹ ಇರುವ, ಬೇರೇನೂ ಬೆರೆಸದ ಶುದ್ಧ ದ್ರಾವಣದಲ್ಲಿ ತೆಗೆದವು. ನೀರಿನಲ್ಲಿ ಲೋಹ ಕಡಿಮೆಯಾದಂತೆ ಸಿಪ್ಪೆ ಹಿಡಿಯುವುದೂ ಕಡಿಮೆಯಾಗುತ್ತದೆ. 4-5 ಮಿ.ಗ್ರಾಂ ಇರುವ ನೀರಿಗೆ ಹಸಿ ಸಿಪ್ಪೆಯ ಸಾಮರ್ಥ್ಯವನ್ನು ಗ್ರಾಂಗೆ 1.5 ಮಿ.ಗ್ರಾಂ ಎಂದೇ ಹಿಡಿದು ಯೋಜಿಸಿ. ತಿಂಗಳಿಗೆ 150 ಕಿಲೋ ಆಯಿತು. ತೊಳೆದು ಮರುಬಳಸಿದರೆ 40 ಕಿಲೋಗೆ ಇಳಿಯುತ್ತದೆ.

ಸಿಪ್ಪೆ ಲೋಹ ಹಿಡಿಯುವುದು ಸ್ಪಂಜು ನೀರು ಹೀರಿದಂತಲ್ಲ. ಸಿಪ್ಪೆಯ ನಾರು, ಲಿಗ್ನಿನ್, ಪೆಕ್ಟಿನ್‌ಗಳಲ್ಲಿ ಕಾರ್ಬಾಕ್ಸಿಲ್ ಮತ್ತು ಫೀನಾಲ್ ಗುಂಪುಗಳಿವೆ. ಅವುಗಳ ಮೇಲಿರುವ ಹೈಡ್ರೋಜನ್, ಕ್ಯಾಲ್ಸಿಯಂ, ಸೋಡಿಯಂ ಬಿಟ್ಟುಕೊಟ್ಟು ನಿಕಲ್ ಆ ಜಾಗ ಹಿಡಿಯುತ್ತದೆ. ಮುಂದೆ ಎದುರಾಗುವ ಎಲ್ಲ ತೊಂದರೆಯೂ ಇಲ್ಲಿಂದಲೇ ಬರುತ್ತದೆ. ಪಿಎಚ್ 4ಕ್ಕಿಂತ ಕೆಳಗಿದ್ದರೆ ಆಸಿಡ್ಡಿನ ಹೈಡ್ರೋಜನ್ನೇ ಜಾಗ ತುಂಬುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದೂ ಪೈಪೋಟಿಗೆ ಬರುತ್ತದೆ. ನಮ್ಮ ಭಾಗದ ಬೋರ್‌ವೆಲ್ ನೀರು ಮೊದಲೇ ಗಡಸು, ಅದರ ಮೇಲೆ ಸುಣ್ಣ ಬೇರೆ. ಲೀಟರ್‌ಗೆ 4 ಮಿ.ಗ್ರಾಂ ನಿಕಲ್ ಎದುರು 300 ಮಿ.ಗ್ರಾಂ ಕ್ಯಾಲ್ಸಿಯಂ ನಿಂತರೆ ಸಿಪ್ಪೆಯ ಸಾಮರ್ಥ್ಯ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ. ಅದಕ್ಕೇ ಸುಣ್ಣದಿಂದ ಪಿಎಚ್ 9ರವರೆಗೆ ಮಾತ್ರ ಏರಿಸಿ, ಅಲ್ಲಿಂದ 10.2ಕ್ಕೆ ಕಾಸ್ಟಿಕ್ ಸೋಡಾ ಬಳಸಿ. ಸುಣ್ಣದಿಂದ ಗಸಿ ಬೇಗ ಇಳಿಯುತ್ತದೆ, ಹಾಗಾಗಿ ಪೂರ್ತಿ ಬಿಡುವುದೂ ಬೇಡ.

ಗದಗಿನ ಸಿಪ್ಪೆ ತರುವಾಗ ನೋಡಿ ತನ್ನಿ. ಎರೆ ಹೊಲದ ಶೇಂಗಾ ಆದರೆ ಗೆರೆಗಳಲ್ಲಿ ಕಪ್ಪು ಮಣ್ಣು ಅಂಟಿರುತ್ತದೆ, ಅದು ಕಾಲಮ್ಮಿನಲ್ಲಿ ಜೇಡಿಯಾಗಿ ಕಟ್ಟಿಕೊಳ್ಳುತ್ತದೆ. ಗಿರಣಿಯ ಸಿಪ್ಪೆಯಲ್ಲಿ ಕಾಳಿನ ಕೆಂಪು ಹೊದಿಕೆ, ಒಡೆದ ಕಾಳಿನ ಚೂರು ಬೆರೆತಿದ್ದರೆ ತೂರಿ ತೆಗೆಸಿ. ಕೆಂಪು ಹೊದಿಕೆಯಿಂದ ನೀರು ಕಂದಾಗುತ್ತದೆ, ಕಾಳಿನ ಎಣ್ಣೆ ಸಿಪ್ಪೆಯ ಮೈ ಮುಚ್ಚುತ್ತದೆ. ಬೂಷ್ಟು ಹಿಡಿದದ್ದನ್ನು ತರಲೇಬೇಡಿ, ಅದನ್ನು ಪುಡಿ ಮಾಡುವವನ ಪುಪ್ಪುಸಕ್ಕೆ ಕೆಟ್ಟದ್ದು. ಒಳ್ಳೆಯ ಸಿಪ್ಪೆಗೂ ಮಾಸ್ಕ್ ಹಾಕಿಯೇ ಪುಡಿ ಮಾಡಿಸಿ. ಬಾಯ್ಲರ್, ಬ್ರಿಕೆಟ್‌ಗೂ (ಒತ್ತಿ ಮಾಡಿದ ಉರುವಲು ಇಟ್ಟಿಗೆ) ಇದೇ ಸಿಪ್ಪೆ ಹೋಗುವುದರಿಂದ ಪುಕ್ಕಟೆ ಸಿಕ್ಕೀತು ಎಂಬ ಲೆಕ್ಕ ಇಟ್ಟುಕೊಳ್ಳಬೇಡಿ.

ಗೋವಿನಜೋಳದ ಬೆಂಡೂ ಆಗುತ್ತದೆ. ಅದರ ಗಟ್ಟಿ ಭಾಗದ ನುಚ್ಚು ಕಾಲಮ್ಮಿನಲ್ಲಿ ಬೇಗ ಕುಸಿಯುವುದಿಲ್ಲ, ನೀರು ಸಲೀಸಾಗಿ ಇಳಿಯುತ್ತದೆ. ಆದರೆ ಹಸಿಯಾಗಿ ಬಳಸಿದರೆ ಲೋಹ ಹಿಡಿಯುವುದು ಕಡಿಮೆ. ಹಾನಗಲ್ ಕಡೆಯ ಭತ್ತದ ಹೊಟ್ಟಿನಲ್ಲಿ ಸಿಲಿಕಾ ಜಾಸ್ತಿ, ಅದನ್ನು ಬಿಡಿ. ಹತ್ತಿ ಕಟ್ಟಿಗೆ ಪುಡಿ ಮಾಡುವ ಖರ್ಚೇ ಮೈಮೇಲೆ ಬರುತ್ತದೆ. ಬ್ಯಾಡಗಿಯ ಮೆಣಸಿನ ತೊಟ್ಟು ಬೇಕಾದಷ್ಟು ಸಿಗುತ್ತದೆ ನಿಜ, ಆದರೆ ಅದನ್ನು ಪುಡಿ ಮಾಡುವ ಶೆಡ್ಡಿನಲ್ಲಿ ಯಾರೂ ನಿಲ್ಲಲಾರರು.

ತಯಾರಿಕೆ ಹೀಗೆ. ಸಿಪ್ಪೆಯನ್ನು ಎರಡು ಮೂರು ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಪುಡಿ ಮಾಡಿ, ಅರ್ಧದಿಂದ ಒಂದು ಮಿ.ಮೀ. ನಡುವಿನದನ್ನು ಮಾತ್ರ ಜರಡಿ ಹಿಡಿದು ಇಟ್ಟುಕೊಳ್ಳಿ. ಹಿಟ್ಟಿನಂಥ ಪುಡಿ ಬೇಗ ಲೋಹ ಹಿಡಿಯುತ್ತದೆ ಎಂದು ಅದನ್ನೇ ತುಂಬಿದರೆ ನೀರು ಇಳಿಯುವುದೇ ಇಲ್ಲ. ಕಿಲೋಗೆ 10 ಲೀಟರ್ ನೀರಿನಲ್ಲಿ ಲೀಟರ್‌ಗೆ 4 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ, ಸಿಪ್ಪೆಯನ್ನು 3 ಗಂಟೆ ಅದರಲ್ಲಿ ನೆನೆಸಿ. ನೀರು ಕಡು ಚಹಾ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ನಿಮ್ಮ ಸಂಸ್ಕರಣಾ ತೊಟ್ಟಿಗೇ ಬಿಡಿ, ಚರಂಡಿಗಲ್ಲ. ಬಣ್ಣ ಬರುವುದು ನಿಂತು ಪಿಎಚ್ 7-8ಕ್ಕೆ ಬರುವವರೆಗೆ ಸಿಪ್ಪೆ ತೊಳೆಯಿರಿ. ಈ ಹಂತ ಅವಸರದಲ್ಲಿ ಮುಗಿಸಿದರೆ ಹೊರಹೋಗುವ ನೀರಿನಲ್ಲಿ ನಿಕಲ್ ಇಳಿದು ಸಿಒಡಿ (ನೀರಿನಲ್ಲಿನ ಸಾವಯವ ಕೊಳೆಯ ಅಳತೆ) ಏರುತ್ತದೆ, ಒಂದು ಮಿತಿ ಉಳಿಸಲು ಹೋಗಿ ಇನ್ನೊಂದನ್ನು ಮೀರಿದಂತಾಗುತ್ತದೆ.

ಸಾಮರ್ಥ್ಯ ಎರಡು ಮೂರು ಪಟ್ಟು ಹೆಚ್ಚಬೇಕೆಂದರೆ ಸಿಟ್ರಿಕ್ ಆಸಿಡ್ ಉಪಚಾರ ಇದೆ. ಲೀಟರ್‌ಗೆ 115 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಕಿಲೋ ಸಿಪ್ಪೆಗೆ 7 ಲೀಟರ್ ಹಾಕಿ, 50-60 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ, ನಂತರ 120 ಡಿಗ್ರಿ ಒಲೆಯಲ್ಲಿ 90 ನಿಮಿಷ ಇಡಬೇಕು. ಆ ಶಾಖಕ್ಕೆ ಸಿಟ್ರಿಕ್ ಆಸಿಡ್ ಸೆಲ್ಯುಲೋಸಿಗೆ ರಾಸಾಯನಿಕವಾಗಿ ಬೆಸೆದುಕೊಂಡು, ಲೋಹ ಹಿಡಿಯಲು ಹೊಸ ಕಾರ್ಬಾಕ್ಸಿಲ್ ಗುಂಪುಗಳನ್ನು ಒದಗಿಸುತ್ತದೆ. ಬೆಸೆಯದೆ ಉಳಿದದ್ದು ಬಹಳ ಇರುತ್ತದೆ, ಅದನ್ನು ಪೂರ್ತಿ ತೊಳೆಯದಿದ್ದರೆ ಅದೇ ಕಾಲಮ್ಮಿನಲ್ಲಿ ಕರಗಿ ನಿಕಲ್ಲನ್ನು ಸಿಟ್ರೇಟ್ ಆಗಿ ಕಟ್ಟಿಕೊಂಡು ಹೊರಗೆ ಒಯ್ಯುತ್ತದೆ. ಹೊಸ ಸಿಪ್ಪೆ ಹಾಕಿದ ಮೇಲೆ ನಿಕಲ್ ಇನ್ನೂ ಜಾಸ್ತಿಯಾಯಿತು ಎಂಬ ದೂರಿನ ಹಿಂದೆ ಇರುವುದು ಸಾಮಾನ್ಯವಾಗಿ ಇದೇ. ಕಿಲೋ ಸಿಪ್ಪೆಗೆ 800 ಗ್ರಾಂ ಸಿಟ್ರಿಕ್ ಆಸಿಡ್ ಖರ್ಚು, ಮೇಲೆ ಒಲೆಯ ಕರೆಂಟು. ನಿಮ್ಮ ಪ್ರಮಾಣಕ್ಕೆ ಹಸಿ ಸಿಪ್ಪೆಗೆ ಕಾಸ್ಟಿಕ್ ಉಪಚಾರ ಮಾಡಿದರೆ ಸಾಕು ಎಂಬುದು ನಮ್ಮ ಅಭಿಪ್ರಾಯ.

ಕಾಲಮ್ ಕಟ್ಟುವ ಮುಂಚೆ ಬಾಟಲಿ ಪರೀಕ್ಷೆ. ಸುಣ್ಣದ ನಂತರ ಸೋಸಿದ ನಿಮ್ಮದೇ ನೀರನ್ನು ತೆಗೆದುಕೊಳ್ಳಿ, ನಿಕಲ್ ಸಲ್ಫೇಟ್ ಕರಗಿಸಿ ತಯಾರಿಸಿದ್ದು ಬೇಡ. ಪಿಎಚ್ 5.5-6ಕ್ಕೆ ತನ್ನಿ. ಐದು ಬಾಟಲಿಗೆ ಅರ್ಧರ್ಧ ಲೀಟರ್ ಹಾಕಿ, ನಾಲ್ಕಕ್ಕೆ ಅರ್ಧ, 1, 2, 4 ಗ್ರಾಂ ಸಿಪ್ಪೆ ಹಾಕಿ, ಐದನೆಯದನ್ನು ಸಿಪ್ಪೆ ಹಾಕದೆ ಬಿಡಿ. 3 ಗಂಟೆ ಅಲುಗಾಡಿಸಿ, ಪಿಎಚ್ ಮತ್ತೆ ನೋಡಿ, ಸೋಸಿ ಲ್ಯಾಬಿಗೆ ಕೊಡಿ. ಸಿಪ್ಪೆಯಿಲ್ಲದ ಬಾಟಲಿ ಯಾಕೆಂದರೆ, ಕಾಸ್ಟಿಕ್ ಉಳಿದ ಸಿಪ್ಪೆ ನೀರಿನ ಪಿಎಚ್ಚನ್ನು 8-9ಕ್ಕೆ ಏರಿಸಿದರೆ ನಿಕಲ್ ಒಂದಿಷ್ಟು ತಾನಾಗಿಯೇ ಇಳಿಯುತ್ತದೆ, ಹೆಸರು ಸಿಪ್ಪೆಗೆ ಬರುತ್ತದೆ. ಹಾಗೆ ಪಿಎಚ್ ಏರಿದ್ದು ಕಂಡರೆ ಸಿಪ್ಪೆಯಿಲ್ಲದ ಬಾಟಲಿಯನ್ನೂ ಅದೇ ಪಿಎಚ್‌ಗೆ ತಂದು ಹೋಲಿಸಿ.

ದಿನದ 2,000 ಲೀಟರನ್ನು 8 ಗಂಟೆಯಲ್ಲಿ ಹಾಯಿಸಿದರೆ ಗಂಟೆಗೆ 250 ಲೀಟರ್. ಸಿಪ್ಪೆಯ ಜೊತೆ 20 ನಿಮಿಷ ಸಂಪರ್ಕ ಬೇಕು, ಹಾಗಾಗಿ ಸಿಪ್ಪೆಯ ಹಾಸು 84 ಲೀಟರ್, ತೂಕದಲ್ಲಿ ಸುಮಾರು 21 ಕಿಲೋ. ನೀರು ಮೆದು ಮಾಡುವ ಯಂತ್ರಗಳಿಗೆ ಮಾರುವ 14 ಇಂಚು ಅಗಲ, 65 ಇಂಚು ಎತ್ತರದ ಎಫ್‌ಆರ್‌ಪಿ (ಫೈಬರ್ ಗ್ಲಾಸ್) ಪಾತ್ರೆ ಇದಕ್ಕೆ ಸರಿಹೋಗುತ್ತದೆ, ಹಾಸು 85 ಸೆಂ.ಮೀ. ಎತ್ತರಕ್ಕೆ ಬಂದು ಉಳಿದ ಜಾಗ ಉಬ್ಬುವುದಕ್ಕೆ ಸಿಗುತ್ತದೆ. 200 ಲೀಟರ್ ಡ್ರಮ್ ಬೇಡ, ಅಗಲ ಜಾಸ್ತಿಯಾಗಿ ನೀರು ಒಂದೇ ಮೂಲೆ ಹಿಡಿದು ಇಳಿಯುತ್ತದೆ. ಸಿಪ್ಪೆಯನ್ನು ಹಿಂದಿನ ದಿನವೇ ನೆನೆಸಿ, ತೇಲುವುದನ್ನು ತೆಗೆದು, ಒದ್ದೆಯಾಗಿಯೇ ತುಂಬಿ. ಇಂಥವು ಎರಡು ಪಾತ್ರೆ, ಒಂದರ ಹಿಂದೆ ಒಂದು. ಮೊದಲನೆಯದು 31 ಗ್ರಾಂ ನಿಕಲ್ ಹಿಡಿದು ಮೂರೂವರೆ ದಿನಕ್ಕೆ ತುಂಬುತ್ತದೆ, ಆಗ ಅದನ್ನು ಬಿಡಿಸಿ ತೊಳೆದು ಎರಡನೆಯ ಸ್ಥಾನಕ್ಕೆ ಹಾಕಿ, ಎರಡನೆಯದನ್ನು ಮುಂದಕ್ಕೆ ತನ್ನಿ. ತುಂಬಿತೆಂದು ತಿಳಿಯಲು ಎರಡರ ನಡುವಿನ ನಲ್ಲಿಯಿಂದ ದಿನಕ್ಕೆರಡು ಸಲ ನೀರು ಹಿಡಿದು, ಒಂದು ಹನಿ ಅಮೋನಿಯಾ, ಎರಡು ಹನಿ ಡೈಮೀಥೈಲ್‌ಗ್ಲೈಆಕ್ಸಿಮ್ ದ್ರಾವಣ ಹಾಕಿ. ಗುಲಾಬಿ ಬಣ್ಣ ಬಂದರೆ ನಿಕಲ್ ಸೋರುತ್ತಿದೆ.

ಮರುಬಳಕೆಗೆ ಪೇಟೆಯ ಹೈಡ್ರೋಕ್ಲೋರಿಕ್ ಆಸಿಡ್ 2 ಲೀಟರನ್ನು 200 ಲೀಟರ್ ನೀರಿಗೆ ಬೆರೆಸಿ ನಿಧಾನವಾಗಿ ಹಾಯಿಸಿ, ಆಮೇಲೆ ಲೀಟರ್‌ಗೆ 10 ಗ್ರಾಂ ಅಡುಗೆ ಸೋಡಾ ಇರುವ ನೀರಿನಿಂದ ತೊಳೆಯಿರಿ. ಸೋಡಾದಿಂದ ತೊಳೆಯದಿದ್ದರೆ ಮೊದಲ ದಿನ ಹೊರಬರುವ ನೀರಿನ ಪಿಎಚ್ 4ಕ್ಕೆ ಬೀಳುತ್ತದೆ. ಆಸಿಡ್ಡಿನಲ್ಲಿ ಬಂದ ನಿಕಲ್ ಲೀಟರ್‌ಗೆ 150 ಮಿ.ಗ್ರಾಂನಷ್ಟಿರುತ್ತದೆ, ಅದನ್ನು ಸುಣ್ಣದ ತೊಟ್ಟಿಗೇ ವಾಪಸ್ ಕಳಿಸಿ. ಈ ವ್ಯವಸ್ಥೆಯ ಲಾಭ ಇಲ್ಲೇ ಇರುವುದು: ಲೋಹ ಕೊನೆಗೂ ಗಸಿಯಾಗಿಯೇ ಸೇರುತ್ತದೆ. ಪ್ರತಿ ಸಲ ಸಾಮರ್ಥ್ಯ ಒಂದಿಷ್ಟು ಇಳಿಯುತ್ತದೆ, ಸಿಪ್ಪೆ ಪುಡಿಯಾಗುತ್ತದೆ. ನಾಲ್ಕು ಸಲ ಆದಮೇಲೆ ಬದಲಿಸಿ. ಗಣೇಶ ಹಬ್ಬದಂಥ ರಜೆಗೆ ಘಟಕ ಮುಚ್ಚುವಾಗ ಒದ್ದೆ ಸಿಪ್ಪೆಯನ್ನು ಹಾಗೇ ಬಿಟ್ಟು ಹೋಗಬೇಡಿ. ಕೊಳೆತು ಕಪ್ಪಾಗಿ, ಕೆಟ್ಟ ವಾಸನೆ ಹೊಡೆಯುತ್ತದೆ. ಆಸಿಡ್ಡಿನಿಂದ ತೊಳೆದು, ಪಿಎಚ್ 3ರ ನೀರು ತುಂಬಿಟ್ಟು ಹೋಗಿ.

ಕೊನೆಗೆ ಬದಲಿಸಿದ ಸಿಪ್ಪೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತದೆ. ನಿಮ್ಮ ಗಸಿಗೆ ಈಗಾಗಲೇ ಅನುಮತಿ ಇರಬೇಕು, ಅದರಲ್ಲಿ ಈ ಸಿಪ್ಪೆಯನ್ನೂ ಸೇರಿಸಲು ಮಾಲಿನ್ಯ ನಿಯಂತ್ರಣ ಮಂಡಳಿಗೆ ಮೊದಲೇ ಅರ್ಜಿ ಕೊಡಿ. ಒಣಗಿಸಿ, ಮುಚ್ಚಿದ ಡ್ರಮ್ಮಿನಲ್ಲಿ, ನೆರಳಿನಲ್ಲಿ ಇಡಿ. 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಫಾರ್ಮ್ 10ರ ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ ಪತ್ರ) ಸಮೇತ ದಾಬಸ್‌ಪೇಟೆಯಂಥ ಅಧಿಕೃತ ವಿಲೇವಾರಿ ತಾಣಕ್ಕೇ ಹೋಗಬೇಕು. ಬ್ರಿಕೆಟ್ ಮಾಡುವವರಿಗೆ, ಇಟ್ಟಿಗೆ ಭಟ್ಟಿಗೆ ಕೊಡಬೇಡಿ, ಲೋಹ ಬೂದಿಯಲ್ಲಿ ಉಳಿಯುತ್ತದೆ. ಗೊಬ್ಬರವೆಂದು ಹೊಲಕ್ಕಂತೂ ಬೇಡವೇ ಬೇಡ.

ಕ್ರೋಮ್ ನೀರಿಗೆ ಯಾಕೆ ಬೇಡ ಎಂದರೆ, ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಋಣ ಅಯಾನು. ಪಿಎಚ್ 2ರಲ್ಲಿ ಮಾತ್ರ ಸಿಪ್ಪೆಗೆ ಅಂಟುತ್ತದೆ, ಅಲ್ಲೂ ಬಹುಪಾಲು ಸಿಪ್ಪೆಯ ಜೊತೆ ವರ್ತಿಸಿ ಮೂರು ವೇಲೆನ್ಸಿಗೆ ಇಳಿದು ನೀರಿಗೇ ವಾಪಸ್ ಬರುತ್ತದೆ. ಬರೀ ಆರು ವೇಲೆನ್ಸಿಯದನ್ನು ಅಳೆದರೆ ಎಲ್ಲ ಹೋಯಿತು ಎನ್ನಿಸುತ್ತದೆ, ಒಟ್ಟು ಕ್ರೋಮಿಯಂ ನೋಡಿದರೆ ಬಣ್ಣ ಬಯಲಾಗುತ್ತದೆ. ಇದಕ್ಕೆ ಹಲವು ಗಂಟೆ ಹಿಡಿಯುತ್ತದೆ. ಅದೇ ಕೆಲಸವನ್ನು ಪಿಎಚ್ 2-3ರಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಅರ್ಧ ಗಂಟೆಯೊಳಗೆ ಮುಗಿಸುತ್ತದೆ, ಗ್ರಾಂ ಕ್ರೋಮಿಯಂಗೆ ಲೆಕ್ಕಕ್ಕೆ 2.74 ಗ್ರಾಂ, ವ್ಯವಹಾರಕ್ಕೆ 3 ಗ್ರಾಂ. ಆಮೇಲೆ ಪಿಎಚ್ 8.5ಕ್ಕೆ ತಂದು ಇಳಿಸಿ. ಒಂದು ಮಾತು ಮರೆಯಬೇಡಿ: ಸಯನೈಡ್ ಇರುವ ತಾಮ್ರ ಅಥವಾ ಸತುವಿನ ಬಾತಿನ ನೀರು ಈ ಆಸಿಡ್ ತೊಟ್ಟಿಗೆ ಹನಿಯೂ ಬೀಳಬಾರದು. ಹೊರಡುವ ಹೈಡ್ರೋಜನ್ ಸಯನೈಡ್ ಅನಿಲ ಜೀವ ತೆಗೆಯುತ್ತದೆ.

ಬ್ಯಾಟರಿಯವರ ಸೀಸದ ನೀರಿಗೆ ಸಿಪ್ಪೆ ನಿಕಲ್‌ಗಿಂತ ಚೆನ್ನಾಗಿ ಹೊಂದುತ್ತದೆ. ಸಾಮಾನ್ಯವಾಗಿ ಸೀಸ ಎಲ್ಲಕ್ಕಿಂತ ಬಿಗಿಯಾಗಿ ಅಂಟುತ್ತದೆ, ನಂತರ ತಾಮ್ರ, ಆಮೇಲೆ ಕ್ಯಾಡ್ಮಿಯಂ ಮತ್ತು ಸತು, ಕೊನೆಗೆ ನಿಕಲ್. ಆದರೆ ಆ ನೀರು ಗಂಧಕಾಮ್ಲದ್ದು. ಮೊದಲು ಪಿಎಚ್ ಏರಿಸಿ ಸೀಸವನ್ನು ಇಳಿಸಿ, ಸೋಸಿ, ಮತ್ತೆ 5-5.5ಕ್ಕೆ ತಂದ ಮೇಲಷ್ಟೇ ಸಿಪ್ಪೆ. ಹಳ್ಳ ಕೆರೆಗೆ ಸೇರುವ ನೀರಿಗೆ ಸೀಸದ ಮಿತಿ 0.1 ಮಿ.ಗ್ರಾಂ, ಆದ್ದರಿಂದ ಅವರ ಕಾಲಮ್ ಅವರದೇ ಆಗಿರಲಿ. ನಿಮ್ಮ ನಿಕಲ್ ಸಿಪ್ಪೆಯ ಮೇಲೆ ಸೀಸದ ನೀರು ಹಾಯಿಸಿದರೆ ಸೀಸ ಜಾಗ ಹಿಡಿದು, ಮೊದಲೇ ಅಂಟಿದ್ದ ನಿಕಲ್ಲನ್ನು ಕಳಚಿ ಹೊರಗೆ ಕಳಿಸುತ್ತದೆ.